ಸತ್ತವರ ಕಲ್ಲಿನ ಮೇಲೆ ಬದುಕಿದ್ದವನ ಹೆಸರು

ಶರಣರೇ, ತಾಯಂದಿರೇ, ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬರು ನನ್ನ ಹತ್ತಿರ ಬಂದು ಕುಳಿತರು. "ಬುದ್ಧೀ, ಕಳವು ಮಾಡಬ್ಯಾಡ ಅಂತ ಒಂದ ತಾಸ ಹೇಳಿದ್ರಿ. ನಾ ಯಾರ ಮನಿಗೂ ಕನ್ನ ಹಾಕಿಲ್ಲ, ಯಾರ ಹೊಲದಾಗಿನ ತೆನಿನೂ ಮುರದಿಲ್ಲ. ಈ ಮಾತ ನನಗ ಯಾಕ್ರಿ?" ಎಂದು ಕೇಳಿದರು. ಅವರು ಇವತ್ತೂ ಬಂದಿದ್ದಾರೆ. ಎಲ್ಲಿ ಕುಳಿತಿದ್ದಾರೆ ಎಂದು ತಿರುಗಿ ನೋಡಬೇಡಿ. ನೀವೆಲ್ಲರೂ ಮನಸ್ಸಿನಲ್ಲಿ ಕೇಳಿಕೊಂಡದ್ದನ್ನೇ ಅವರು ಬಾಯಿಬಿಟ್ಟು ಕೇಳಿದರು, ಅಷ್ಟೇ. ಅದಕ್ಕೆ ಇವತ್ತು ಒಂದು ದೃಷ್ಟಾಂತ ಹೇಳುತ್ತೇನೆ.

ಒಬ್ಬ ಶ್ರೀಮಂತ. ಊರು ಹೊಳೆದಂಡೆಯ ಒಂದು ಊರು ಎಂದಿಟ್ಟುಕೊಳ್ಳಿ. ಹದಿನಾರು ಎತ್ತಿನ ಕಮತ, ಊರ ನಡುವೆ ಕೋಟೆಯಂಥ ವಾಡೆ, ಚಾವಡಿಯಲ್ಲಿ ಮೊದಲ ಗಾದಿ ಅವನದು. ಇಂಥ ಶ್ರೀಮಂತರು ಎಲ್ಲ ಊರಲ್ಲೂ ಇರುತ್ತಾರೆ. ಆದರೆ ಇವನಿಗೆ ಬೇರೆ ಯಾರಿಗೂ ಇಲ್ಲದ ಒಂದು ವಿಶೇಷವಿತ್ತು. ಅವನು ಉಂಡು ತಿರುಗಾಡಿಕೊಂಡಿದ್ದಾಗಲೇ ಅವನ ಹೆಸರನ್ನು ಸತ್ತವರ ಕಲ್ಲಿನ ಮೇಲೆ ಕೆತ್ತಿದ್ದರು. ವರ್ಷಕ್ಕೊಮ್ಮೆ ಆ ಕಲ್ಲಿಗೆ ಅವನೇ ಮಾಲೆ ಹಾಕುತ್ತಿದ್ದ. ತನ್ನ ಹೆಸರಿಗೆ ತಾನೇ! ನಗಬೇಡಿ. ನಗುವಂಥ ಕಥೆಯಲ್ಲ ಇದು.

ಅವನ ಹೆಸರು ಸಂಗನಗೌಡ. ಅವನಿಗೆ ಇಪ್ಪತ್ತು ವರ್ಷವಾಗಿದ್ದಾಗ ಬ್ರಿಟಿಷರ ಕಾಲದ ಮೊದಲನೆಯ ಮಹಾಯುದ್ಧ ನಡೆದಿತ್ತು. ಪ್ರತಿ ಊರಿನಿಂದ ದಂಡಿಗೆ ಜನ ಬೇಕು ಎಂದು ಹುಕುಂ ಬಂತು. ಇವರ ಊರಿಗೆ ನಾಲ್ಕು ಮಂದಿ. ತಾಲೂಕಿನ ಮಾಮಲೇದಾರ ಚಾವಡಿಗೆ ಬಂದು ಕುಳಿತ. ಊರಿನ ಗೌಡ, ಸಂಗನಗೌಡನ ಅಪ್ಪ, ಎದ್ದು ನಿಂತು ಎದೆ ಮುಟ್ಟಿಕೊಂಡು ಹೇಳಿದ: "ಮೊದಲನೇ ಹೆಸರ ನನ್ನ ಮಗಂದ ಬರಕೋರಿ ಸಾಹೇಬ್ರ!"

ಗೌಡನೇ ಮಗನನ್ನು ಕೊಟ್ಟ ಮೇಲೆ ಬೇರೆಯವರು ಹೇಗೆ ಇಲ್ಲ ಎನ್ನಬೇಕು? ಮೂರು ಮನೆಯವರು ಒಂದೊಂದು ಹೆಸರು ಬರೆಸಿದರು. ಮಾಮಲೇದಾರ ಗೌಡನ ಬೆನ್ನು ತಟ್ಟಿದ. ಸಂಗನಗೌಡ ಮೂಲೆಯಲ್ಲಿ ಕಂಬ ಹಿಡಿದು ನಿಂತಿದ್ದ. ಯುದ್ಧ ಎಂದರೇನು ಎಂದು ಅವನಿಗೆ ತಿಳಿಯದು. ಆದರೆ ಅಪ್ಪನ ಮಾತಿಗೆ ಎದುರಾಡಿ ಅವನಿಗೆ ಗೊತ್ತೇ ಇರಲಿಲ್ಲ.

ಹೊರಡುವ ದಿನ ಬೆಳಗ್ಗೆ ಅಪ್ಪ ಅವನನ್ನು ಒಳಗೆ ಕರೆದ. ಅಲ್ಲಿ ಭರಮಪ್ಪ ನಿಂತಿದ್ದ. ಭರಮಪ್ಪ ಯಾರು? ಊರ ಹೊರಗಿನ ಕೇರಿಯವನು. ಅವನ ತಾಯಿ ಹೊಳೆವ್ವ ಗೌಡರ ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿಯುವವಳು. ಗಂಡ ಸತ್ತವಳು, ಅವಳಿಗೆ ಇವನೊಬ್ಬನೇ ಮಗ. ಸಂಗನಗೌಡನಷ್ಟೇ ವಯಸ್ಸು, ಅಷ್ಟೇ ಎತ್ತರ.

ಗೌಡ ಮಗನಿಗೆ ಹೇಳಿದ: "ನಿನ್ನ ಕೋಟು, ರುಮಾಲು, ಕಾಲಾಗಿನ ಕಾಲ್ಮರಿ ಇವಂಗ ಕೊಡು." ಆಮೇಲೆ ಭರಮಪ್ಪನ ಕಡೆ ತಿರುಗಿದ. "ಇವತ್ತಿನಿಂದ ನಿನ್ನ ಹೆಸರ ಸಂಗನಗೌಡ. ಯಾರ ಕೇಳಿದ್ರೂ ಅದನ್ನ ಹೇಳಬೇಕು. ತಿಳೀತೇನು?"

ಹೊಳೆವ್ವನನ್ನು ಕೇಳಿದರೇ? ಕೇಳಲಿಲ್ಲ. ಭರಮಪ್ಪನನ್ನು ಕೇಳಿದರೇ? ಅವನನ್ನೂ ಕೇಳಲಿಲ್ಲ. ಎತ್ತನ್ನು ಕೇಳಿ ನೊಗ ಹೂಡುತ್ತೀರೇನು?

ಸಂಗನಗೌಡ ತನ್ನ ಕೋಟಿನ ಗುಂಡಿಯನ್ನು ತಾನೇ ಅವನಿಗೆ ಹಾಕಿಕೊಟ್ಟ. ಹುಟ್ಟಿದಾಗಿನಿಂದ ಅವನ ಮೈ ಮುಟ್ಟಿದ್ದು ಅದೇ ಮೊದಲು. ಭರಮಪ್ಪ ನಕ್ಕ. "ಅಲ್ಲಿ ಎಲ್ಲಾರೂ ನನಗ ಗೌಡ್ರ ಅಂತಾರೇನ್ರಿ ಸಣ್ಣ ಧಣಿ?" ಎಂದ. ಸಂಗನಗೌಡ ನಗಲಿಲ್ಲ. ಆದರೆ ನೋಡಿ, ಬೆಳಗಿನಿಂದ ಎದೆಯ ಮೇಲೆ ಕುಳಿತಿದ್ದ ಬಂಡೆ ಇಳಿದುಹೋಯಿತು. ಆ ಹಗುರವನ್ನು ಅವನು ಸಾಯುವವರೆಗೂ ಮರೆಯಲಿಲ್ಲ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಹಗುರ.

ಕೆಲವು ತಿಂಗಳಿಗೆ ಪತ್ರ ಬಂತು. ಪಲ್ಟನ್ನಿನಲ್ಲಿ ಯಾರೋ ಬರೆದುಕೊಟ್ಟ ಪತ್ರ. ಗೌಡರ ಮಗನಾಗಿ ಹೋದವನು ಯಾರಿಗೆ ಬರೆಯಬೇಕು? ಗೌಡರಿಗೇ ಬರೆಯಬೇಕು. 'ತೀರ್ಥರೂಪ ತಂದೆಯವರಿಗೆ ನಿಮ್ಮ ಮಗ ಸಂಗನಗೌಡನ ಶಿರಸಾಷ್ಟಾಂಗ ನಮಸ್ಕಾರ' ಎಂದು ಶುರುವಾಗಿತ್ತು. ಕೊನೆಯಲ್ಲಿ ಎರಡು ಸಾಲು: 'ನಮ್ಮ ದನದ ಕೊಟ್ಟಿಗೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ ನಾನು ಅರಾಮ ಇದ್ದೇನೆಂದು ತಿಳಿಸಬೇಕು. ಇಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಊಟ ಮಾಡುತ್ತೇವೆ ಎಂದೂ ಹೇಳಬೇಕು.'

ಸಂಗನಗೌಡ ಪತ್ರ ಹಿಡಿದು ಕೊಟ್ಟಿಗೆಗೆ ಹೋಗಿ ಹೊಳೆವ್ವನಿಗೆ ಓದಿ ಹೇಳಿದ. ಅವಳು ಸಗಣಿಯ ಕೈ ಹಿಂದಕ್ಕೆ ಕಟ್ಟಿಕೊಂಡು ಕೇಳಿದಳು. "ಇನ್ನೊಮ್ಮಿ ಓದ್ರಿ" ಎಂದಳು. ಓದಿದ. "ನನ್ನ ಹೆಸರ ಬರದಿಲ್ಲಲ್ರಿ" ಎಂದಳು. "ಬರದ್ರ ಗುಟ್ಟ ಬಿಟ್ಟಕೊಟ್ಟಂಗ ಆಗತೈತಿ ಹೊಳೆವ್ವ" ಎಂದ. ಅವಳು ತಲೆಯಾಡಿಸಿದಳು. ಹೆತ್ತ ತಾಯಿಗೆ ಅವ್ವಾ ಎಂದು ಬರೆಯಲಾಗದ ಮಗ, ಮಗನ ಹೆಸರು ಹಿಡಿದು ಅಳಲಾಗದ ತಾಯಿ. ಇದನ್ನು ಮಾಡಿದವರು ರಾಕ್ಷಸರಲ್ಲ ಶರಣರೇ. ದಿನಾ ಮುಂಜಾನೆ ವಿಭೂತಿ ಹಚ್ಚಿಕೊಂಡು ಪೂಜೆ ಮಾಡುತ್ತಿದ್ದವರು.

ಆಮೇಲೆ ಸರಕಾರದ ಕಾಗದ ಬಂತು. ಇರಾಕಿನ ಬಸರಾ ಕಡೆಯ ಒಂದು ಹೊಳೆಯ ಹತ್ತಿರ ಸಿಪಾಯಿ ಸಂಗನಗೌಡ ಮಡಿದ. ಹೇಗೆ ಮಡಿದ ಎನ್ನುವುದನ್ನು ಜೊತೆಗೆ ಹೋಗಿದ್ದ ಮೂವರು ತಿರುಗಿ ಬಂದ ಮೇಲೆ ಹೇಳಿದರು. ಬಿಸಿಲಿಗೆ ಎಲ್ಲರ ಗಂಟಲು ಒಣಗಿತ್ತು. ತಾನೇ ನೀರು ತರುತ್ತೇನೆಂದು ಭರಮಪ್ಪ ಚರ್ಮದ ಚೀಲ ತಗೊಂಡು ಹೊಳೆಗೆ ಇಳಿದ. ತುಂಬಿಕೊಂಡು ಏರಿ ಬರುವಾಗ ಗುಂಡು ಬಿತ್ತು. ತನ್ನೂರಲ್ಲಿ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ ಅವನು. ಅಲ್ಲಿ ಎಲ್ಲರ ನೀರಡಿಕೆಗಾಗಿ ಸತ್ತ.

ಸಾಂತ್ವನ ಹೇಳಲು ಜಿಲ್ಲೆಯ ಬ್ರಿಟಿಷ್ ಸಾಹೇಬ ವಾಡೆಗೆ ಬಂದ. ಸತ್ತವನು ಮನೆಯಲ್ಲೇ ಇದ್ದಾನಲ್ಲ, ಏನು ಮಾಡಬೇಕು? ಸಂಗನಗೌಡನನ್ನು ಜೋಳದ ಚೀಲಗಳ ಹಿಂದೆ ಅಟ್ಟದ ಮೇಲೆ ಕೂಡಿಸಿದರು. ಕೆಳಗೆ ಪಡಸಾಲೆಯಲ್ಲಿ ತನ್ನ ಸಾವಿಗೆ ತನ್ನ ತಾಯಿ ಸುಳ್ಳು ಅಳು ಅಳುವುದನ್ನು ಅವನು ಕೇಳಿದ. ಅಟ್ಟದ ಕಿಂಡಿಯಿಂದ ಹಿತ್ತಲು ಕಾಣುತ್ತಿತ್ತು. ಅಲ್ಲಿ ಅಪ್ಪ ಹೊಳೆವ್ವನ ಮುಂದೆ ನಿಂತು ಬೆರಳಾಡಿಸುತ್ತಿದ್ದ. "ಸಾಹೇಬ ಹೋಗೂತನಾ ಬಾಯಿ ತಗೀಬ್ಯಾಡ. ಆಮ್ಯಾಲ ಬೇಕಾದಷ್ಟ ಅಳು."

ಹೊಳೆವ್ವ ಸೀರೆಯ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಪೂರಾ ತುರುಕಿಕೊಂಡಳು. ಹೆಗಲು ಮಾತ್ರ ಅಲುಗುತ್ತಿತ್ತು. ಹಂಗೇ ಬಗ್ಗಿ ಕಸ ಗುಡಿಸಿದಳು.

ಸಂಗನಗೌಡ ಅಟ್ಟದ ಮೇಲಿನಿಂದ ಎಲ್ಲ ನೋಡಿದ. ಕೆಳಗಿಳಿದು ಬರಲು ಏಣಿ ಇತ್ತು. ಏಳೇ ಮೆಟ್ಟಿಲು. ಇಳಿಯಲಿಲ್ಲ.

ಅಂದಿನಿಂದ ಅವನ ಹೆಸರು ನಿಂಗನಗೌಡ. ಸತ್ತವನ ತಮ್ಮ ಎಂದು ದಫ್ತರದಲ್ಲಿ ಬರೆಸಿದರು. ಇಡೀ ಊರಿಗೇ ಗೊತ್ತಿತ್ತು. ಊರಿಗೆ ಊರೇ ಸುಮ್ಮನಿತ್ತು. ಗೌಡರ ಹೊಲದಲ್ಲಿ ದುಡಿಯುವ ಊರು ಮಾತಾಡುತ್ತದೇನು?

ಯುದ್ಧ ಮುಗಿದು ಎರಡು ಮೂರು ವರ್ಷಕ್ಕೆ ಸ್ಮಾರಕದ ಕಲ್ಲು ನಿಲ್ಲಿಸಬೇಕೆಂದು ಆಯಿತು. ಬೇರೆ ಊರುಗಳಲ್ಲಿ ಗೋಡೆಗೆ ಒಂದು ಹಲಗೆಗಲ್ಲು ಕೂಡಿಸಿ ಮುಗಿಸಿದರು. ಗೌಡನಿಗೆ ಅದು ಸಾಲಲಿಲ್ಲ. ಹಳೆಯ ಕಾಲದ ವೀರಗಲ್ಲು ನೀವೆಲ್ಲ ನೋಡಿದ್ದೀರಿ. ಕೆಳಗಿನ ಅಂಕಣದಲ್ಲಿ ವೀರ ಕಾದಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಹೊತ್ತೊಯ್ಯುತ್ತಾರೆ, ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೂತಿರುತ್ತಾನೆ, ತುದಿಗೆ ಸೂರ್ಯಚಂದ್ರ. ಹಾಗೇ ಆಗಬೇಕು ಎಂದ ಗೌಡ. ಖಡ್ಗದ ಬದಲು ಬಂದೂಕು. ಆಳೆತ್ತರದ ಕರಿಕಲ್ಲು, ಕೆಳಗೆ ಮೂರು ಮೆಟ್ಟಿಲಿನ ಕಟ್ಟೆ, ಚಾವಡಿಯ ಎದುರಿಗೇ. ಒಂದು ಮಗ್ಗುಲಲ್ಲಿ 'ಈ ಊರಿನಿಂದ ನಾಲ್ವರು ಹೋದರು, ಒಬ್ಬನು ಮರಳಲಿಲ್ಲ' ಎಂದು. ಎದುರಿಗೆ ದಪ್ಪ ಅಕ್ಷರದಲ್ಲಿ ಮರಳದವನ ಹೆಸರು.

ಕಲ್ಲುಕುಟಿಗ ಇದೇ ಊರಿನವನು, ನಡುವಯಸ್ಸಿನವನು. ಅವನು ಒಂದೇ ಮಾತು ಕೇಳಿದ: "ಮಾರಿ ಯಾರದ ಕಡೀಲ್ರಿ ಗೌಡ್ರ?"

"ನನ್ನ ಮಗಂದು! ಮತ್ಯಾರದು?"

ಹೀಗಾಗಿ ನಮ್ಮ ಶ್ರೀಮಂತ ನಾಲ್ಕು ದಿನ ವಾಡೆಯ ಹಿತ್ತಲಲ್ಲಿ ಕಲ್ಲುಕುಟಿಗನ ಎದುರು ಕುಳಿತ. ತನ್ನ ಹೆಣಕ್ಕೆ ತನ್ನ ಮುಖ ಕೊಡುವುದಕ್ಕೆ! ನೊಣ ಕೂತಿತೆಂದು ಒಮ್ಮೆ ಮುಖ ಅಲುಗಿಸಿದ. ಕಲ್ಲುಕುಟಿಗ ಉಳಿಯಿಂದ ಕಣ್ಣೆತ್ತದೆ, "ಅಲಗಬ್ಯಾಡ್ರಿ ಧಣಿ. ಸತ್ತಾಂವ ಅಲಗೂದಿಲ್ಲ" ಎಂದ.

ಹೊಳೆವ್ವ ಆ ಕಲ್ಲಿನ ಚಕ್ಕೆಗಳನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಚೆಲ್ಲುವ ಕೆಲಸಕ್ಕಿದ್ದಳು. ಐದನೆಯ ದಿನ ಗೌಡ ಇಲ್ಲದ ಹೊತ್ತು ನೋಡಿ ಕಲ್ಲುಕುಟಿಗನಿಗೆ ಮೆಲ್ಲಗೆ ಹೇಳಿದಳು: "ಎಪ್ಪಾ, ಮಾರಿ ಯಾರದರ ಇರಲಿ, ಹೆಸರ ಯಾರದರ ಇರಲಿ. ಎಡಗಿವಿ ಒಂದಿಷ್ಟ ಹರದಂಗ ಮಾಡ್ತೀಯೇನು? ನನ ಮಗ ಸಣ್ಣಾಂವ ಇದ್ದಾಗ ಹೋರಿ ಹಗ್ಗ ಎಳದು ಹರದಿತ್ತು. ಅಷ್ಟ ಮಾಡು. ನೋಡಿದ್ರ ನನಗಷ್ಟ ಗೊತ್ತಾಗತೈತಿ."

ಕಲ್ಲುಕುಟಿಗ ಸಣ್ಣ ಉಳಿ ತಗೊಂಡ. ಎಡಗಿವಿಯ ಹಾಲೆಯಲ್ಲಿ ಜೋಳದ ಕಾಳಿನಷ್ಟು ಸೀಳು ತೆಗೆದ. ಅವಳು ನೋಡಿದಳು. ಬುಟ್ಟಿ ತಲೆಗಿಟ್ಟುಕೊಂಡು ಹೋದಳು.

ನೋಡಿ, ಇಡೀ ಕಲ್ಲಿನಲ್ಲಿ ಆ ತಾಯಿ ಕೇಳಿದ್ದು ಎಷ್ಟು? ಒಂದು ಕಾಳಿನಷ್ಟು ಜಾಗ.

ಕಲ್ಲು ಮುಗಿಯಿತು. ಗೌಡ ಬಂದು ಸುತ್ತು ಹಾಕಿ ನೋಡಿದ. ಬಂದೂಕು ನೋಡಿದ, ಅಪ್ಸರೆಯರನ್ನು ನೋಡಿದ, ಹೆಸರು ನೋಡಿ ಮೀಸೆ ತಿರುವಿದ. ಕಿವಿ ಅವನ ಕಣ್ಣಿಗೆ ಬೀಳಲೇ ಇಲ್ಲ. ಹಾಗೇ ಬಿಟ್ಟಿದ್ದರೆ ಈ ಭೂಮಿಯ ಮೇಲೆ ಯಾರಿಗೇನು ಕಡಿಮೆಯಾಗುತ್ತಿತ್ತು? ಆದರೆ ಸಂಗನಗೌಡ ನೋಡಿದ್ದ. ಅವನಿಗೆ ಆ ಸೀಳು ಯಾರದೆಂದು ಗೊತ್ತಿತ್ತು. ಸಾಹೇಬ ಕಲ್ಲನ್ನೂ ತನ್ನನ್ನೂ ಒಟ್ಟಿಗೆ ನೋಡಿ ಏನಾದರೂ ಕೇಳಿದರೆ ಎಂಬ ಅಂಜಿಕೆ ಅವನಿಗೆ. ಇನ್ನೊಂದು ಮಾತೂ ಇತ್ತು, ಅದನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ. ನಾಲ್ಕು ದಿನ ಕೂತು ಕೂತು ಆ ಮುಖ ತನ್ನದೇ ಎಂದು ಅವನಿಗೆ ಅನಿಸಿಬಿಟ್ಟಿತ್ತು. ಆ ವೀರ ತಾನೇ ಎನ್ನಿಸಿಬಿಟ್ಟಿತ್ತು.

"ಅಪ್ಪಾ, ಎಡಗಿವಿ ಸರಿ ಬಂದಿಲ್ಲ" ಎಂದ.

ಯಾರೂ ಕೇಳಿರಲಿಲ್ಲ. ಅವನೇ ಹೇಳಿದ.

ಗೌಡ ಬಗ್ಗಿ ನೋಡಿದ. ಕಲ್ಲುಕುಟಿಗನಿಗೆ ಬೈದ. ಕಲ್ಲುಕುಟಿಗ ಸಂಗನಗೌಡನ ಮುಖವನ್ನು ಒಂದು ಸಲ ನೋಡಿದ, ಆಮೇಲೆ ಕಿವಿಯನ್ನು ತೇಯ್ದು ನುಣ್ಣಗೆ ಮಾಡಿದ. ಆ ಪುಡಿಯನ್ನು ಗುಡಿಸಿದವಳು ಹೊಳೆವ್ವ.

ಸಾಹೇಬ ಬಂದ, ಬಾಜಾ ಬಾರಿಸಿದರು. ಗೌಡನಿಗೆ ಜರಿ ರುಮಾಲು ಸುತ್ತಿದರು, ಇನಾಮು ಭೂಮಿ ಬಂತು. ಕಟ್ಟೆ ಏರಲು ಕೇರಿಯವರಿಗೆ ಅಪ್ಪಣೆ ಇರಲಿಲ್ಲ. ಹೊಳೆವ್ವ ಕೆಳಗೆ ಬೀದಿಯ ಮಣ್ಣಿನಲ್ಲಿ ನಿಂತು ಕೈಮುಗಿದಳು. ಕಟ್ಟೆಯ ಸುತ್ತ ಕಸ ಗುಡಿಸುವ ಕೆಲಸವನ್ನು ಅವಳಿಗೇ ಹಚ್ಚಿದರು.

ವರ್ಷಗಳು ಉರುಳಿದವು. ಗೌಡ ಸತ್ತ. ಸಂಗನಗೌಡ ನಿಂಗನಗೌಡನ ಹೆಸರಿನಲ್ಲಿ ಗೌಡಿಕೆ ಮಾಡಿದ, ಮದುವೆಯಾದ, ಮಕ್ಕಳಾದವು. ಬ್ರಿಟಿಷರು ಹೋದರೂ ಕಲ್ಲು ಹೋಗಲಿಲ್ಲ. ಆಗಸ್ಟ್ ಹದಿನೈದಕ್ಕೆ ಶಾಲೆಯ ಮಕ್ಕಳು ಸಾಲಾಗಿ ಬರುತ್ತಿದ್ದರು, ಇವನು ಮಾಲೆ ಹಾಕಿ "ನಮ್ಮ ಅಣ್ಣಾರು" ಎಂದು ಭಾಷಣ ಮಾಡುತ್ತಿದ್ದ. ಮೊದಮೊದಲು ನಾಲಗೆ ತೊದಲುತ್ತಿತ್ತು. ಹತ್ತು ವರ್ಷದ ಮೇಲೆ ತೊದಲಲಿಲ್ಲ. ಸುಳ್ಳಿಗೂ ರೂಢಿ ಬೀಳುತ್ತದೆ ಶರಣರೇ.

ಒಂದು ಸಂಜೆ ಅವನು ಚಾವಡಿಯಿಂದ ಬರುವಾಗ ಹೊಳೆವ್ವ ಕಲ್ಲಿನ ಹತ್ತಿರ ಕಸಬರಿಗೆ ಹಿಡಿದು ನಿಂತಿದ್ದಳು. ಮುದುಕಿಯಾಗಿದ್ದಳು, ಕಣ್ಣು ಮಂಜಾಗಿತ್ತು. "ಧಣಿ, ಇಷ್ಟ ವರ್ಷ ಕೇಳಿಲ್ಲ. ಆ ಅಕ್ಷರ ಒಮ್ಮಿ ಓದಿ ಹೇಳ್ರಿ" ಎಂದಳು.

ಈ ಮುದುಕಿಗೆ ಓದಲು ಬರುವುದಿಲ್ಲ, ಒಂದು ಸಮಾಧಾನ ಸಿಗಲಿ ಎಂದುಕೊಂಡ. ಕಲ್ಲಿನ ಕಡೆ ನೋಡಿ, "ಭರಮಪ್ಪ ಅಂತ ಬರದೈತಿ ಹೊಳೆವ್ವ" ಎಂದ. ತಾನು ಎಷ್ಟು ದಯವಂತ ಎಂದು ಅವನ ಕಣ್ಣೇ ತುಂಬಿ ಬಂತು.

ಹೊಳೆವ್ವ ಕಲ್ಲಿನ ಕಡೆ ತಿರುಗಿದಳು. ಆಮೇಲೆ ಹೇಳಿದಳು: "ಸಾಲಿ ಮಾಸ್ತರ್ನ ಕೇಳೀನ್ರಿ ಧಣಿ. ಭರಮಪ್ಪ ಅಂದ್ರ ನಾಕ ಅಕ್ಷರ ಅಂತ. ದಿನಾ ಕಸಾ ಹೊಡಿವಾಗ ನಾ ಎಣಸ್ತೀನಿ. ಇಲ್ಲಿ ಐದ ಅದಾವು."

ಅಷ್ಟೇ ಹೇಳಿದಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಬಗ್ಗಿ ಉಳಿದ ಕಸ ಗುಡಿಸಿದಳು.

ಆಗಲಾದರೂ ಬಾಯಿ ಬಿಡಬಹುದಿತ್ತು. ಆಗ ಅವನು ಊರಿನ ಗೌಡ, ಅವನ ಮಾತೇ ಶಾಸನ. ಕಲ್ಲುಕುಟಿಗ ಬದುಕಿದ್ದ. ತಿರುಗಿ ಬಂದ ಮೂವರಲ್ಲಿ ಇಬ್ಬರು ಬದುಕಿದ್ದರು. ನಾಳೆ ಹೇಳೋಣ ಎಂದುಕೊಂಡ. ಮಗಳ ಮದುವೆಯಾಗಲಿ ಎಂದುಕೊಂಡ. ಈ ವರ್ಷದ ಸುಗ್ಗಿ ಮುಗಿಯಲಿ ಎಂದುಕೊಂಡ. ಹೊಳೆವ್ವ ಸತ್ತಳು. ಕೇರಿಯವರು ಮಣ್ಣು ಕೊಟ್ಟರು. ಇವನು ಹೋಗಲಿಲ್ಲ.

ಎಂಬತ್ತರ ಹತ್ತಿರ ಬಂದಾಗ ಶ್ರೀಮಂತನಿಗೆ ನಿದ್ದೆ ಹಾರಿತು, ಅನ್ನ ಸೇರದಾಯಿತು. ಮಕ್ಕಳನ್ನು ಕೂಡಿಸಿ ಎಲ್ಲ ಹೇಳಿದ. ಮಕ್ಕಳು ಮುಖ ಮುಖ ನೋಡಿಕೊಂಡರು. ಹಿರಿಯ ಮಗ, "ಅಪ್ಪಾ, ದೊಡ್ಡಪ್ಪನ ಬಗ್ಗೆ ಹಿಂಗ ಮಾತಾಡಬಾರದು. ಮನಿತನದ ಮರ್ಯಾದಿ ಅದು" ಎಂದ. ಹೊರಗೆ ಬಂದು ತಮ್ಮನಿಗೆ ಹೇಳಿದ: "ಅರಳು ಮರಳು."

ಮರುದಿನ ಮುದುಕ ಒಬ್ಬನೇ ಕೋಲೂರಿಕೊಂಡು ಹೋದ. ಕಟ್ಟೆ ಏರಿ, ಸೊಂಟದಿಂದ ಒಂದು ಉಳಿ ತೆಗೆದು, ಕಲ್ಲಿನಿಂದ ಬಡಿದು ತನ್ನ ಹೆಸರನ್ನು ಕೆರೆಯತೊಡಗಿದ. ಮೊದಲ ಅಕ್ಷರಕ್ಕೆ ಗೀರು ಕೂಡ ಬೀಳಲಿಲ್ಲ. ಶಾಲೆಯ ಹೆಡ್ಮಾಸ್ತರು ಓಡಿ ಬಂದರು, ಜನ ಸೇರಿದರು.

"ಹುತಾತ್ಮರ ಕಲ್ಲ ಕೆಡಸ್ತೀರೇನ್ರಿ ಗೌಡ್ರ? ನಿಮ್ಮ ಸ್ವಂತ ಅಣ್ಣನ ಕಲ್ಲು!"

"ಅಣ್ಣ ಅಲ್ಲೋ! ಅಂವ ನಾನ! ಸಂಗನಗೌಡ ನಾನ! ಸತ್ತಾಂವ ಭರಮಪ್ಪ! ಹೊಳೆವ್ವನ ಮಗ!"

"ಯಾವ ಹೊಳೆವ್ವರೀ?" ಎಂದ ಒಬ್ಬ.

ಯಾರಿಗೂ ನೆನಪಿರಲಿಲ್ಲ.

"ಆತ್ರಿ, ಆತ್ರಿ. ನೀವ ಸಂಗನಗೌಡ್ರು. ಮನಿಗಿ ನಡೀರಿ" ಎಂದು ನಾಲ್ಕು ಜನ ರಟ್ಟೆ ಹಿಡಿದು ಕೆಳಗಿಳಿಸಿದರು. ಹುತಾತ್ಮನಿಗೆ ಅವಮಾನ ಮಾಡಿದನೆಂದು ಹುತಾತ್ಮನನ್ನೇ ಹಿಡಿದುಕೊಂಡು ಹೋದರು! ಮಕ್ಕಳು ಬಾಗಿಲಿಗೆ ಚಿಲಕ ಹಾಕಿದರು. ಒಳಗಿನಿಂದ ಅವನು ಎರಡು ತಿಂಗಳು ಒಂದೇ ಮಾತು ಕೂಗಿದ. ಹಾದಿಯಲ್ಲಿ ಹೋಗುವವರು ಕೇಳಿ, ಪಾಪ ಎಂದು ಲೊಚಗುಟ್ಟಿ ಹೋದರು. ಸತ್ತ ಮೇಲೆ ಮಕ್ಕಳು ಅಮೃತಶಿಲೆಯ ಸಮಾಧಿ ಕಟ್ಟಿಸಿದರು. ಅದರ ಮೇಲೆ ನಿಂಗನಗೌಡ ಎಂದು ಬರೆಸಿದರು.

ನೋಡಿ ಶರಣರೇ. ಸತ್ಯ ಹೇಳಿದರೆ ಊರು ಕೇಳುವ ಕಾಲದಲ್ಲಿ ಅವನು ಹೇಳಲಿಲ್ಲ. ಹೇಳಿದ ಕಾಲದಲ್ಲಿ ಊರಿಗೆ ಕಿವಿ ಇರಲಿಲ್ಲ. ದೇವರು ಅವನಿಗೆ ಶಿಕ್ಷೆ ಕೊಡಲಿಲ್ಲ. ಬರೀ ಆಯುಷ್ಯ ಕೊಟ್ಟ. ಅದೇ ಸಾಕಾಯಿತು.

ಈಗ ನೀವೆಲ್ಲ ಆ ಶ್ರೀಮಂತನ ಮೇಲೆ ಸಿಟ್ಟಾಗಿದ್ದೀರಿ. ನಿಮ್ಮ ಮುಖ ನೋಡಿದರೆ ತಿಳಿಯುತ್ತದೆ. ಸ್ವಲ್ಪ ತಡೆಯಿರಿ. ತಲೆ ಎತ್ತಿ ಮೇಲೆ ತಿರುಗುವ ಫ್ಯಾನು ನೋಡಿ. ಮೂರು ರೆಕ್ಕೆಗೂ ದಾನಿಗಳ ಹೆಸರಿದೆ. ತಿರುಗುವಾಗ ಓದಲು ಬರುವುದಿಲ್ಲ ಎಂದು ಬೇಸಿಗೆಯಲ್ಲೂ ಫ್ಯಾನು ನಿಲ್ಲಿಸಿ ತೋರಿಸಿದವರನ್ನು ನಾನು ಕಂಡಿದ್ದೇನೆ. ಈ ಮಂಟಪಕ್ಕೆ ಸ್ಲ್ಯಾಬ್ ಹಾಕುವಾಗ ಒಬ್ಬ ಗೌಂಡಿ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಅವನ ಹೆಸರೇನು? ಹೇಳಿ, ಯಾರಾದರೂ ಹೇಳಿ. ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ! ಕಾವಿ ಉಟ್ಟು ಎತ್ತರದ ಗದ್ದುಗೆಯ ಮೇಲೆ ಕುಳಿತ ನನಗೂ ಗೊತ್ತಿಲ್ಲ. ನಾಳೆ ಮುಂಜಾನೆ ನಾನು ಅವನ ಮನೆ ಹುಡುಕಿಕೊಂಡು ಹೋಗುತ್ತೇನೆ.

ನೀವು ಎಲ್ಲಿಗೆ ಹೋಗುತ್ತೀರಿ? ನೀನು ಕಲಿತು ಸಾಹೇಬನಾದೆ. ನಿನ್ನನ್ನು ಕಲಿಸಲು ಶಾಲೆ ಬಿಟ್ಟು ನೇಗಿಲು ಹಿಡಿದ ನಿನ್ನ ತಮ್ಮನನ್ನು ಬಂದ ಅತಿಥಿಗಳಿಗೆ 'ಇವನು ಊರಲ್ಲಿ ಹೊಲ ನೋಡುತ್ತಾನೆ' ಎಂದು ತೋರಿಸುತ್ತೀ. ಅವನಿಂದ ನಾನಾದೆ ಎಂದು ಒಂದು ದಿನ ಹೇಳಿದ್ದೀಯಾ? ನೀನು ಮಾಡಿದ ತಪ್ಪಿಗೆ ಕಚೇರಿಯಲ್ಲಿ ಜವಾನನ ಮೇಲೆ ಬೆರಳು ತೋರಿಸಿದೆ, ಅವನ ನೌಕರಿ ಹೋಯಿತು, ನೀನು ಇವತ್ತು ಮುಂದಿನ ಸಾಲಿನಲ್ಲಿ ಕುಳಿತು ಪ್ರವಚನ ಕೇಳುತ್ತಿದ್ದೀ. ತಾಯಂದಿರೇ, ನಸುಕಿನಲ್ಲೆದ್ದು ರೊಟ್ಟಿ ಬಡಿದವಳು ಸೊಸೆ, ಬಂದ ಬೀಗರ ಮುಂದೆ ಹೊಗಳಿಸಿಕೊಳ್ಳುವವರು ನೀವು. ಇದೆಲ್ಲ ಕಳವಲ್ಲವೇ? ಕನ್ನ ಹಾಕಿದರೆ ಮಾತ್ರ ಕಳವೇ?

ನಾಳೆ ಎನ್ನಬೇಡಿ. ಮಗಳ ಮದುವೆಯಾಗಲಿ ಎನ್ನಬೇಡಿ. ಆ ಮನುಷ್ಯ ಬದುಕಿರುವಾಗ, ಅವನ ಕಿವಿ ಕೇಳುತ್ತಿರುವಾಗ, ಅವನ ಮನೆಗೆ ಹೋಗಿ. ನಾಲ್ಕು ಜನರ ಎದುರಿಗೆ ಹೇಳಿ. ಅವನ ಹೆಸರು ಹಿಡಿದು ಹೇಳಿ.

ಇಷ್ಟು ಹೊತ್ತು ನಾನು ಮಾತಾಡುವಾಗ ಹಿಂದಿನ ಕೋಣೆಯಲ್ಲಿ ಹೊಗೆಯ ನಡುವೆ ಐದು ಜನ ನಿಮಗಾಗಿ ಅಡಿಗೆ ಮಾಡಿದ್ದಾರೆ. ಪ್ರಸಾದ ತಯಾರಿದೆ. ಒಳಗೆ ಹೋಗಿ ಆ ಐದು ಜನರ ಹೆಸರು ಕೇಳಿಕೊಂಡು ಬಂದು ಊಟಕ್ಕೆ ಕೂಡಿ. ಕೇಳಲು ಮನಸ್ಸಿಲ್ಲದವರು ಕೈ ತೊಳೆಯಬೇಡಿ, ಹಾಗೇ ಮನೆಗೆ ಹೋಗಿ.